ಆರೋಗ್ಯದ ಆ್ಯಪಿನಲ್ಲಿ ದಾರಿಯ ಏರ್ಪಾಡು

ಗ್ರಂಥಾಲಯದಲ್ಲಿ ಪುಸ್ತಕವಿದ್ದರೆ ಸಾಲದು. ಬೇಕಾದವರಿಗೆ ಅದು ಬೇಕಾದಾಗ ಸಿಕ್ಕಬೇಕು. ಓದುಗನ ಕಾಲವನ್ನು ಉಳಿಸುವುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಒಂದಾಗಿ ಎಣಿಸಿದರು. ಮೊಬೈಲಿನ ಆರೋಗ್ಯದ ಆ್ಯಪಿಗೂ ಈ ಸೂತ್ರವು ಸಲ್ಲುವುದೆಂಬುದನ್ನು ಒಂದು ನಿದರ್ಶನದಿಂದ ವಿಶದಪಡಿಸುವೆವು.

2014ರಲ್ಲಿ ಆಪಲ್ ಸಂಸ್ಥೆಯು ಐಫೋನಿಗಾಗಿ ‘ಹೆಲ್ತ್’ ಆ್ಯಪನ್ನು ಹೊರತಂದಾಗ ಪರದೆಯ ಅಡಿಯಲ್ಲಿ ನಾಲ್ಕು ಟ್ಯಾಬುಗಳಿದ್ದವು: ಡ್ಯಾಶ್‌ಬೋರ್ಡ್, ಹೆಲ್ತ್ ಡೇಟಾ, ಸೋರ್ಸಸ್, ಮೆಡಿಕಲ್ ಐಡಿ. ಇವುಗಳಲ್ಲಿ ‘ಸೋರ್ಸಸ್’ ಎಂಬುದು ಮಾಹಿತಿಯು ಎಲ್ಲಿಂದ ಬಂದಿತೆಂದು ತಿಳಿಸುವಂಥದು; ಬಳಸುವವರಿಗೆ ಅದರ ಅಗತ್ಯ ವಿರಳ. ಈ ವಿಂಗಡಣೆಯು ಉಗ್ರಾಣದ ಲೆಕ್ಕಕ್ಕೆ ಒಪ್ಪುತ್ತಿತ್ತೇ ಹೊರತು ಹುಡುಕುವವರ ಪ್ರಶ್ನೆಗಲ್ಲ. 2019ರ ಮಾರ್ಪಾಟಿನಲ್ಲಿ ಎರಡೇ ಟ್ಯಾಬುಗಳು ಉಳಿದವು. ‘ಸಮ್ಮರಿ’ಯಲ್ಲಿ ಬಳಸುವವರು ತಾವೇ ಆರಿಸಿದ ಅಂಶಗಳು ಮೊದಲು ಕಾಣುತ್ತಿದ್ದವು, ಮಿಕ್ಕವನ್ನು ‘ಸರ್ಚ್’ನಲ್ಲಿ ಹೆಸರಿನಿಂದಲೋ ವರ್ಗದಿಂದಲೋ ಹುಡುಕಬಹುದಾಗಿತ್ತು.

ಆದರೆ ಈ ಅನುಕೂಲದೊಡನೆ ಒಂದು ತೊಡಕೂ ಬಂದಿತು. ಅಲರ್ಜಿ, ಔಷಧಿ, ರಕ್ತದ ಗುಂಪು ಮುಂತಾದುವನ್ನು ಬರೆದಿಡುವ ಮೆಡಿಕಲ್ ಐಡಿಯು ಮೂಲೆಯ ಭಾವಚಿತ್ರದ ಹಿಂದಕ್ಕೆ ಸರಿಯಿತು. ಅಪಘಾತದಲ್ಲಿ ನೆರವಿಗೆ ಬಂದವರು ಫೋನಿನ ಲಾಕ್ ತೆರೆಯದೆಯೇ ಅದನ್ನು ಓದಬಹುದು, ನಿಜ. ಆದರೆ ಮುಂಚಿತವಾಗಿ ತುಂಬಿದ್ದರೆ ತಾನೆ ಓದುವುದು? ತುಂಬಬೇಕಾದವರ ಕಣ್ಣಿಗೇ ಅದು ಬೀಳದಿದ್ದರೆ ನೆರವಿಗೆ ಬಂದವರ ಶ್ರಮವೂ ವ್ಯರ್ಥವೇ.

ಆದುದರಿಂದ ಟ್ಯಾಬುಗಳ ಸಂಖ್ಯೆಯನ್ನು ತಗ್ಗಿಸಿದ ಮಾತ್ರಕ್ಕೆ ದಾರಿಯು ಸುಗಮವಾಯಿತೆನ್ನಲಾಗದು. ನಿತ್ಯವೂ ಬೇಕಾದುದನ್ನು ಹುಡುಕುವವರಿಗೆ ಹತ್ತಿರದ ದಾರಿ ಬೇಕು. ಇದೆಯೆಂದೇ ಅರಿಯದವರಿಗೆ ಸೂಚನೆ ಬೇಕು. ಯಾವುದೇ ಹೊಸ ಏರ್ಪಾಡನ್ನು ಇವೆರಡರಿಂದಲೂ ಪರೀಕ್ಷಿಸತಕ್ಕುದೆಂದು ನಾವು ಭಾವಿಸುತ್ತೇವೆ.