ಜೀರ್ಣೋದ್ಧಾರವಿಲ್ಲದ ಯಂತ್ರಗಳು

ಜೀರ್ಣೋದ್ಧಾರವೆಂಬ ಪದವನ್ನು ನಾವು ಗುಡಿ, ಕೆರೆಗಳಿಗೆ ಮೀಸಲಿಟ್ಟಿದ್ದೇವೆ. ಒಂದು ಕಾಲದಲ್ಲಿ ಅದು ರೇಡಿಯೋಕ್ಕೂ ಸಲ್ಲುತ್ತಿತ್ತು. ಹಳೆಯ ರೇಡಿಯೋಗಳಲ್ಲಿ ವಾಲ್ವುಗಳನ್ನು ಬೆಸೆಯದೆ ಸಾಕೆಟ್ಟುಗಳಲ್ಲಿ ಸಿಕ್ಕಿಸಿರುತ್ತಿದ್ದರು. ಅವು ಸವೆಯುವ ವಸ್ತುಗಳೆಂಬುದನ್ನು ತಯಾರಕನು ಬಲ್ಲನು. ಆದುದರಿಂದಲೇ ಕೈಯಿಂದ ಕಿತ್ತು ಬೇರೊಂದನ್ನು ಕೂಡಿಸುವ ಅನುಕೂಲವನ್ನು ಇರಿಸಿದ್ದನು.

ಇಂದಿನ ಮೊಬೈಲ್ ಫೋನಿನಲ್ಲಿ ಮೊದಲು ಸವೆಯುವ ಅಂಗ ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿಯು ಕೆಲವು ನೂರು ಬಾರಿ ಚಾರ್ಜಾದ ಮೇಲೆ ತನ್ನ ಧಾರಣಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗುವುದು ರಸಾಯನಧರ್ಮವೇ ಹೊರತು ದೋಷವಲ್ಲ. ಅದನ್ನೂ ಅದರ ಮೇಲಿನ ಮುಚ್ಚಳವನ್ನೂ ಅಂಟಿನಿಂದ ಬಂಧಿಸಿಬಿಡುವುದು ದೋಷ. ಫೋನು ತೆಳುವಾಗುವುದು, ನೀರು ಒಳಸೇರದು ಎಂದು ತಯಾರಕರು ಸಮಾಧಾನ ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಪರದೆ, ಕ್ಯಾಮೆರಾಗಳೆಲ್ಲ ಸುಸ್ಥಿತಿಯಲ್ಲಿರುವಾಗಲೇ ಒಂದು ಅಂಗದ ದೆಸೆಯಿಂದ ಇಡೀ ದೇಹ ಕಸದ ಪಾಲಾಗುತ್ತದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ನಿಯಮವು, ಕೆಲವು ವಿನಾಯಿತಿಗಳೊಡನೆ, ಉಪಕರಣಗಳ ಬ್ಯಾಟರಿಯನ್ನು ಬಳಸುವವನೇ ಬದಲಿಸುವಂತಿರಬೇಕೆಂದು ವಿಧಿಸಿತು; ಅದರ ಅನ್ವಯಕ್ಕೆ ಗೊತ್ತುಮಾಡಿದ ದಿನ 2027ರ ಫೆಬ್ರವರಿ 18.

ನನ್ನ ಫೋನನ್ನು ಈಚೆಗೆ ರಿಪೇರಿಗೆ ಒಯ್ದಿದ್ದೆನು. ಅಂಗಡಿಯವನು ನನ್ನಲ್ಲಿಯೇ ಕನ್ನಡ ಕಲಿತ ಶಿಷ್ಯ. "ಗುರುಗಳೇ, ಬಿಚ್ಚಿದರ ಪರದೆ ಒಡೀಬಹುದ್ರಿ, ಹೊಸಾದು ತಗೊಳ್ರಿ" ಎಂದನು. ನಾನು ಸುಮ್ಮನೆ ನಿಂತಿರುವುದನ್ನು ಕಂಡು, ತುಸು ಹೊತ್ತಿನ ಮೇಲೆ, ಅಂಟನ್ನು ಬಿಸಿಮಾಡುವ ಯಂತ್ರವನ್ನು ಹೊರತೆಗೆದನು.