ಎಣ್ಣೆ ಸೋರುವ ಮೊದಲೇ ಹಕ್ಕಿಗಳ ನಕ್ಷೆ

ಬೋನಾಳ ಕೆರೆಯ ಹಕ್ಕಿಗಳನ್ನು ನೋಡುತ್ತ ಬೆಳೆದವರು ನಾವು. ಕಡಲಲ್ಲಿ ಹಡಗಿನ ಎಣ್ಣೆ ಸೋರಿದರೆ ಯಾವ ಹಕ್ಕಿಗಳ ನೆಲೆಗೆ ಕುತ್ತು ಎಂದು ಮೊದಲೇ ನಕ್ಷೆ ಮಾಡುತ್ತಾರಂತೆ. ಹೇಗೆ?
– ಓದುಗರು, ಸುರಪುರ

ಒಳನಾಡಿನ ಬೋನಾಳಕ್ಕೆ ಆ ಭಯವಿಲ್ಲ, ಕಡಲತೀರದ ಕಾರವಾರಕ್ಕೆ ಇದೆ. 2006ರ ಮೇ ಕೊನೆಯಲ್ಲಿ ‘ಓಷನ್ ಸೆರಾಯಾ’ ಹಡಗು ಅಲ್ಲಿನ ಬಂಡೆಗಳಿಗೆ ಸಿಕ್ಕಿ, ಅದರ ಎಣ್ಣೆ ತೀರಕ್ಕೆ ಬಂದಿತ್ತು.

ಹಕ್ಕಿಯ ಗರಿ ಕುರಿಗಾಹಿಯ ಕಂಬಳಿಯಂತೆ: ನೀರನ್ನು ಜಾರಿಸಿ ಮೈಯನ್ನು ಬೆಚ್ಚಗಿಡುತ್ತದೆ. ಎಣ್ಣೆ ತಾಗಿದರೆ ಗರಿಯ ಎಳೆಗಳು ಮುದ್ದೆಗಟ್ಟಿ ತಣ್ಣೀರು ಚರ್ಮಕ್ಕೇ ಇಳಿಯುತ್ತದೆ. ಕೊಕ್ಕಿನಿಂದ ಗರಿ ತೀಡಿಕೊಂಡಾಗ ವಿಷ ಹೊಟ್ಟೆಗೂ ಹೋಗುತ್ತದೆ.

ನಕ್ಷೆ ಬರೆಯುವವರು ಮೊದಲು ತೀರದ ನೆಲವನ್ನೇ ನೋಡಿ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಅಲೆ ಬಡಿಯುವ ಬಂಡೆಗೆ 1, ಏಕೆಂದರೆ ಕಡಲೇ ಅದನ್ನು ತೊಳೆಯುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ 10. ಅಲ್ಲಿ ಬೇರುಗಳ ನಡುವಿನ ಕೆಸರಿಗೆ ಇಳಿದ ಎಣ್ಣೆ ವರ್ಷಗಟ್ಟಲೆ ಉಳಿಯುತ್ತದೆ, ಶುಚಿ ಮಾಡಹೋದವರ ತುಳಿತದಿಂದ ಇನ್ನೂ ಆಳಕ್ಕಿಳಿಯುತ್ತದೆ. ಕಾಂಡ್ಲಾ ಇರುವ ಕಾಳಿ, ಅಘನಾಶಿನಿ ನದಿಗಳ ಅಳಿವೆಗಳ ಬಗ್ಗೆ ಕಳವಳ ಅದಕ್ಕೇ.

ಈ ಅಂಕಗಳ ನಕ್ಷೆಯ ಮೇಲೆ ಹಕ್ಕಿಗಳ ನೆಲೆಗಳನ್ನು ಗುರುತಿಸುತ್ತಾರೆ: ಬಿಳಿ ಹೊಟ್ಟೆಯ ಕಡಲಹದ್ದು ಗೂಡು ಕಟ್ಟುವ ಮರ, ಉಲ್ಲಂಕಿಗಳು ಮೇಯುವ ಕೆಸರುಬಯಲು. ತಿಂಗಳನ್ನೂ ಬರೆಯಲೇಬೇಕು. ವಲಸೆ ಉಲ್ಲಂಕಿಗಳಿಂದ ಚಳಿಗಾಲದಲ್ಲಿ ತುಂಬಿರುವ ಬಯಲು ಜೂನ್‌ನಲ್ಲಿ ಬಹುಪಾಲು ಖಾಲಿ. ನನ್ನ ದೃಷ್ಟಿಯಲ್ಲಿ ತಿಂಗಳಿಲ್ಲದ ನಕ್ಷೆ ಅರ್ಧ ನಕ್ಷೆ.

ಸೋರಿಕೆಯಾದಾಗ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಗಾಳಿ, ಕಡಲ ಪ್ರವಾಹಗಳ ಲೆಕ್ಕದಿಂದ ಎಣ್ಣೆ ಸಾಗುವ ದಾರಿಯನ್ನು ಅಂದಾಜಿಸುತ್ತದೆ. ಆ ದಾರಿಯನ್ನು ನಕ್ಷೆಯ ಮೇಲಿಟ್ಟರೆ, ತೇಲುವ ತಡೆಗಳನ್ನು ಯಾವ ಅಳಿವೆಯ ಬಾಯಿಗೆ ಮೊದಲು ಕಟ್ಟಬೇಕೆಂದು ತಿಳಿಯುತ್ತದೆ.