ಅಪಸ್ಮಾರಕ್ಕೆ ಎರಡು ಔಷಧಗಳು

ಕೆಲವು ದಿನಗಳ ಕೆಳಗೆ ಮಿತ್ರರೊಬ್ಬರು ಸಂಜೆಯ ಹೊತ್ತು ನಮ್ಮ ಮನೆಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮಗನಿಗೆ ಅಪಸ್ಮಾರ, ಎಂದರೆ ಮೂರ್ಛೆರೋಗ. ಎರಡು ವರ್ಷಗಳಿಂದ ವಾಲ್ಪ್ರೋಯೇಟ್ ಎಂಬ ಔಷಧವನ್ನು ಸೇವಿಸುತ್ತಿದ್ದರೂ ಆಗಾಗ ಮೂರ್ಛೆ ಬರುತ್ತಿದ್ದುದರಿಂದ, ವೈದ್ಯರು ಅದನ್ನು ನಿಲ್ಲಿಸದೆ ಲ್ಯಾಮೊಟ್ರಿಜಿನ್ ಎಂಬ ಎರಡನೆಯದನ್ನೂ ಬರೆದುಕೊಟ್ಟಿದ್ದರು. “ಒಂದೇ ರೋಗಕ್ಕೆ ಎರಡು ಗುಳಿಗೆಗಳೇ? ಎರಡೂ ಸೇರಿ ವಿಷವಾಗಲಾರವೆ?” ಎಂದು ಅಂಜಿ, ಮಿತ್ರರು ಹೊಸ ಗುಳಿಗೆಗಳನ್ನು ಬೀರುವಿನಲ್ಲಿಯೇ ಇಟ್ಟಿದ್ದರು. ಹಳೆಯದನ್ನು ಬಿಟ್ಟು ಹೊಸದನ್ನು ಮಾತ್ರ ಕೊಟ್ಟರೆ ಹೇಗೆಂಬ ಯೋಚನೆಯೂ ಅವರಲ್ಲಿತ್ತು. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸತಕ್ಕವರು. ಆದರೆ ಈ ಪ್ರಶ್ನೆಯ ಬಹುಭಾಗ ರಸಾಯನಕ್ಕೆ ಸೇರಿದುದಾದ್ದರಿಂದ, ಅವರಿಗೆ ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಹೇಳುತ್ತೇವೆ.

ಮಿದುಳಿನ ಕೋಶಗಳು ಒಮ್ಮೆಗೇ ಮಿತಿಮೀರಿ ವಿದ್ಯುತ್ತನ್ನು ಹೊರಗೆಡಹುವುದರಿಂದ ಮೂರ್ಛೆಯುಂಟಾಗುತ್ತದೆ. ಇದನ್ನು ತಡೆಯಲು 1857ರಲ್ಲಿ ಬ್ರೋಮೈಡ್, 1912ರಲ್ಲಿ ಫೀನೋಬಾರ್ಬಿಟಾಲ್, 1938ರಲ್ಲಿ ಫೆನಿಟಾಯಿನ್ ಬಳಕೆಗೆ ಬಂದವು. ಅಲ್ಲಿಂದೀಚೆಗೆ ಇನ್ನೂ ಅನೇಕ ಔಷಧಗಳು ದೊರೆತಿವೆ. ಹೀಗಿದ್ದರೂ ಚಿಕಿತ್ಸೆಯನ್ನು ಒಂದೇ ಔಷಧದಿಂದ ಆರಂಭಿಸಬೇಕೆಂಬುದು ವೈದ್ಯರ ನಿಯಮ. 2000ದಲ್ಲಿ ಪ್ರಕಟವಾದ ಗ್ಲಾಸ್ಗೋ ನಗರದ ಪರಿಶೀಲನೆಯೊಂದರಲ್ಲಿ, ಅದುವರೆಗೆ ಔಷಧವನ್ನೇ ಕಾಣದ 470 ರೋಗಿಗಳ ಪೈಕಿ ನೂರಕ್ಕೆ 47 ಮಂದಿಗೆ ಮೊದಲನೆಯ ಔಷಧದಿಂದಲೇ ಮೂರ್ಛೆ ನಿಂತಿತು. ಮತ್ತೆ 14 ಮಂದಿಗೆ ಎರಡನೆಯ ಅಥವಾ ಮೂರನೆಯ ಔಷಧದಿಂದ ನಿಂತಿತು. ಎರಡನ್ನು ಕೂಡಿಸಿದುದರಿಂದ ಪೂರ್ಣವಾಗಿ ನಿಂತುದು ನೂರಕ್ಕೆ 3 ಮಂದಿಗೆ ಮಾತ್ರ. ಆದುದರಿಂದ ಎರಡನೆಯದು ಬಂದರೆ ರೋಗ ಓಡಿಹೋಗುವುದೆಂಬ ಭರವಸೆ ಸಲ್ಲದು. ಆದರೆ ಪೂರ್ಣವಾಗಿ ನಿಲ್ಲದಿದ್ದರೂ ಮೂರ್ಛೆಗಳ ಸಂಖ್ಯೆ ಇಳಿಯುವುದು ಸಣ್ಣ ಲಾಭವಲ್ಲ. ವಾಲ್ಪ್ರೋಯೇಟ್ ಮತ್ತು ಲ್ಯಾಮೊಟ್ರಿಜಿನ್‌ಗಳ ಜೋಡಿಯಂತೂ, ಒಂದೊಂದೇ ಮಾಡಲಾರದ ಕೆಲಸವನ್ನು ಕೆಲವರಲ್ಲಿ ಮಾಡಿರುವುದುಂಟು.

ಇನ್ನು ವಿಷವಾಗುವ ಶಂಕೆ. ರಕ್ತವನ್ನು ಒಂದು ಕೆರೆಯೆಂದು ಭಾವಿಸೋಣ. ದಿನದಿನದ ಗುಳಿಗೆ ಕೆರೆಗೆ ಬರುವ ನೀರು. ಅದನ್ನು ಹೊರಬಿಡುವ ತೂಬು ಯಕೃತ್ತು. ಯಕೃತ್ತಿನಲ್ಲಿರುವ ಕಿಣ್ವಗಳು ಲ್ಯಾಮೊಟ್ರಿಜಿನನ್ನು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ ಮೂತ್ರದ ಮೂಲಕ ಕಳುಹಿಸುತ್ತವೆ. ಔಷಧದ ಅರ್ಧಭಾಗ ಹೀಗೆ ರಕ್ತವನ್ನು ಬಿಡಲು ಸಾಮಾನ್ಯವಾಗಿ ಸುಮಾರು 25 ಗಂಟೆ ಬೇಕು. ವಾಲ್ಪ್ರೋಯೇಟ್ ಈ ತೂಬನ್ನು ಅರ್ಧ ಮುಚ್ಚುತ್ತದೆ. ಆಗ ಅದೇ ಕೆಲಸಕ್ಕೆ 60 ಗಂಟೆಯಾದರೂ ಹಿಡಿಯುತ್ತದೆ. ಕಾರ್ಬಮಜೆಪೀನ್, ಫೆನಿಟಾಯಿನ್, ಫೀನೋಬಾರ್ಬಿಟಾಲ್‌ಗಳು ಇದಕ್ಕೆ ವಿರುದ್ಧವಾಗಿ ತೂಬನ್ನು ಅಗಲಿಸುತ್ತವೆ. ಆಗ ಸುಮಾರು 14 ಗಂಟೆ ಸಾಕು. ಎರಡು ಔಷಧಗಳು ಕೂಡಿ ಹೊಸ ವಿಷವೇನೂ ಹುಟ್ಟುವುದಿಲ್ಲ. ಕೆರೆಯ ಮಟ್ಟ ಮಾತ್ರ ಬದಲಾಗುತ್ತದೆ. ಅಪಾಯವೆಲ್ಲ ಆ ಮಟ್ಟದಲ್ಲಿದೆ.

ಲ್ಯಾಮೊಟ್ರಿಜಿನ್ ಬೇಗ ಏರಿದರೆ ಕೆಲವರ ಮೈಮೇಲೆ ಕೆಂಪು ಗಂಧೆಗಳೇಳುತ್ತವೆ. ವಿರಳವಾಗಿ ಅವು ಉಗ್ರರೂಪವನ್ನು ತಾಳಿ, ಜ್ವರ, ಬಾಯಿಹುಣ್ಣುಗಳೊಡನೆ ಚರ್ಮ ಸುಲಿದು, ಪ್ರಾಣಕ್ಕೇ ಸಂಚಕಾರ ಬರುವುದುಂಟು. ಹೆಚ್ಚಾಗಿ ಇದು ಮೊದಲ ಎಂಟು ವಾರಗಳಲ್ಲಿ ಸಂಭವಿಸುತ್ತದೆ. ಆದುದರಿಂದ ವಯಸ್ಕರಲ್ಲಿ ಲ್ಯಾಮೊಟ್ರಿಜಿನನ್ನೊಂದನ್ನೇ ಕೊಡುವಾಗ ದಿನಕ್ಕೆ 25 ಮಿಲಿಗ್ರಾಮಿನಿಂದ ಆರಂಭಿಸುವ ವೈದ್ಯರು, ವಾಲ್ಪ್ರೋಯೇಟಿನೊಡನೆ ಕೊಡುವಾಗ ದಿನ ಬಿಟ್ಟು ದಿನ 25 ಮಿಲಿಗ್ರಾಂ ಕೊಟ್ಟು, ವಾರಗಳ ಮೇಲೆ ಮೆಲ್ಲಮೆಲ್ಲನೆ ಏರಿಸುತ್ತಾರೆ. ಈ ನಿಧಾನವೇ ರಕ್ಷಣೆ. ಬೇಗ ಗುಣವಾಗಲೆಂದು ಮನೆಯವರು ದಿನವೂ ಕೊಟ್ಟರೆ ರಕ್ಷಣೆಯನ್ನು ತಾವೇ ಕಿತ್ತುಹಾಕಿದಂತೆ. ಗಂಧೆಗಳು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ಕೈನಡುಕ, ತಲೆಸುತ್ತು, ಅತಿಯಾದ ತೂಕಡಿಕೆಗಳನ್ನೂ ಅವರಿಗೆ ತಿಳಿಸಬೇಕು.

ನಮ್ಮ ಮಿತ್ರರ ಎರಡನೆಯ ಯೋಚನೆ ಇದಕ್ಕಿಂತಲೂ ಅಪಾಯಕರವಾದುದು. ಸೇರಿಸುವುದು ಹೇಗೆ ಒಂದು ಬದಲಾವಣೆಯೋ ತೆಗೆಯುವುದೂ ಹಾಗೆಯೇ ಒಂದು ಬದಲಾವಣೆ. ವಾಲ್ಪ್ರೋಯೇಟನ್ನು ಥಟ್ಟನೆ ನಿಲ್ಲಿಸಿದರೆ ಅದರ ಆಶ್ರಯ ತಪ್ಪುವುದಲ್ಲದೆ, ಮುಚ್ಚಿದ್ದ ತೂಬು ತೆರೆದು ಲ್ಯಾಮೊಟ್ರಿಜಿನಿನ ಮಟ್ಟವೂ ಇಳಿಯುತ್ತದೆ. ಒಂದನ್ನು ಬಿಟ್ಟರೆ ಎರಡೂ ಕುಂದಿದಂತೆ. ಔಷಧ ಹಠಾತ್ತಾಗಿ ತಪ್ಪಿದಾಗ ಮೂರ್ಛೆಯ ಮೇಲೆ ಮೂರ್ಛೆ ಬಂದು ರೋಗಿಗೆ ಎಚ್ಚರವೇ ಮರಳದ ಸ್ಥಿತಿ ಒದಗಬಹುದು. ಐದು ನಿಮಿಷಕ್ಕೆ ಮೀರಿದ ಮೂರ್ಛೆಗೆ ಆಸ್ಪತ್ರೆಯೇ ಗತಿ.

ಸ್ತ್ರೀಯರ ವಿಷಯದಲ್ಲಿ ಇನ್ನೊಂದು ಮಾತುಂಟು. ವಾಲ್ಪ್ರೋಯೇಟ್ ಗರ್ಭಸ್ಥ ಶಿಶುವಿಗೆ ಹಾನಿಮಾಡತಕ್ಕದ್ದು; ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ಲ್ಯಾಮೊಟ್ರಿಜಿನನ್ನು ತಗ್ಗಿಸತಕ್ಕದ್ದು. ವಿವಾಹ, ಸಂತಾನಗಳ ಆಲೋಚನೆಯನ್ನು ಸಂಕೋಚಪಡದೆ ಮೊದಲೇ ವೈದ್ಯರಿಗೆ ಹೇಳಬೇಕು. ಆಗಲೂ ತಾವಾಗಿ ಔಷಧವನ್ನು ನಿಲ್ಲಿಸಕೂಡದು.

ಹಾಗಾದರೆ ಎರಡು ಔಷಧಗಳು ಕ್ಷೇಮವೆ? ಎರಡರ ಸ್ವಭಾವವನ್ನೂ ಬಲ್ಲವರು ಅಳೆದು ಕೊಟ್ಟು, ಸೇವಿಸುವವರು ಆ ಅಳತೆಯನ್ನು ಮೀರದಿದ್ದರೆ ಬಹುಮಟ್ಟಿಗೆ ಕ್ಷೇಮವೇ. ಮನೆಯಲ್ಲಿ ನುಂಗುವ ಪ್ರತಿಯೊಂದು ಗುಳಿಗೆ, ಕಷಾಯ, ಲೇಹ್ಯಗಳ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಯಾವ ವೈದ್ಯರಲ್ಲಿಗೆ ಹೋದರೂ ತೋರಿಸುವುದು ಲೇಸು. ನಮ್ಮ ಮಿತ್ರರು ಮರುದಿನ ಬೆಳಿಗ್ಗೆ ಅಂಥ ಚೀಟಿಯೊಂದನ್ನೂ ಬೀರುವಿನಲ್ಲಿದ್ದ ಗುಳಿಗೆಗಳನ್ನೂ ತೆಗೆದುಕೊಂಡು, ಮಗನೊಡನೆ ವೈದ್ಯರಲ್ಲಿಗೆ ಹೋದರು. ಪ್ರಶ್ನೆಯನ್ನು ಕೇಳಬೇಕಾಗಿದ್ದುದು ಅಲ್ಲಿಯೇ.